ಸ್ಟೇಟ್‌ಮೆಂಟ್ ಅಳಿಸಿದ ಮೇಲೆ ರಿಸೋರ್ಸ್ ಆಬ್ಜೆಕ್ಟ್ ಏನಾಗುತ್ತದೆ?

ಪ್ರಶ್ನೆ: ಆರ್‌ಡಿಎಫ್ ಎಂಬ ಗ್ರಾಫ್ ರೂಪದ ದತ್ತಾಂಶವನ್ನು ನಿರ್ವಹಿಸುವ ಜಾವಾ ಲೈಬ್ರರಿ ಅಪಾಚೆ ಜೆನಾದಲ್ಲಿ ಒಂದು ರಿಸೋರ್ಸ್‌ನ (ದತ್ತಾಂಶವು ವಿವರಿಸುವ ಒಂದು ವಸ್ತುವಿನ) ಮೇಲೆ ರಿಮೂವ್‌ಪ್ರಾಪರ್ಟೀಸ್ ಮೆಥಡ್ ಕರೆದು ಅದರ ಸ್ಟೇಟ್‌ಮೆಂಟ್‌ಗಳನ್ನು ಅಳಿಸಿದ್ದೇನೆ. ಆದರೂ ಅದನ್ನು ಹಿಡಿದಿರುವ ಜಾವಾ ವೇರಿಯಬಲ್ ನಲ್ ಆಗಿಲ್ಲ, ಯುಆರ್‌ಐ (ರಿಸೋರ್ಸನ್ನು ಗುರುತಿಸುವ ವಿಳಾಸದಂಥ ಹೆಸರು) ಕೇಳಿದರೆ ಸಿಗುತ್ತದೆ. ಅಳಿಸುವ ಕೆಲಸ ಅರ್ಧಕ್ಕೇ ನಿಂತಿದೆಯೇ?

ಉತ್ತರ: ವೇರಿಯಬಲ್ ಉಳಿದಿರುವುದು ಕೆಲಸ ಅರ್ಧಕ್ಕೆ ನಿಂತದ್ದರ ಲಕ್ಷಣವಲ್ಲ. ಆರ್‌ಡಿಎಫ್ ಗ್ರಾಫ್‌ನಲ್ಲಿರುವುದು ತ್ರಿವಳಿಗಳು ಮಾತ್ರ, ಅಂದರೆ ಕರ್ತೃ, ಗುಣ, ಮೌಲ್ಯ ಎಂಬ ಮೂರು ಭಾಗಗಳ ಸ್ಟೇಟ್‌ಮೆಂಟ್‌ಗಳು. ರಿಸೋರ್ಸ್‌ಗೆಂದು ಪ್ರತ್ಯೇಕ ದಾಖಲೆಯೇ ಇರುವುದಿಲ್ಲ. ನಿಮ್ಮ ಜಾವಾ ಆಬ್ಜೆಕ್ಟ್‌ನಲ್ಲಿ ಇರುವುದು ಒಂದು ನೋಡ್‌ನ ಗುರುತು ಮತ್ತು ಅದು ಯಾವ ಮಾಡೆಲ್‌ಗೆ (ಜೆನಾದಲ್ಲಿ ಗ್ರಾಫನ್ನು ಪ್ರತಿನಿಧಿಸುವ ಆಬ್ಜೆಕ್ಟ್‌ಗೆ) ಸೇರಿದ್ದು ಎಂಬ ಸೂಚನೆ, ಇಷ್ಟೇ. ಗುಣಲಕ್ಷಣಗಳನ್ನು ಅದು ತನ್ನೊಳಗೆ ಇಟ್ಟುಕೊಳ್ಳದೆ ಪ್ರತಿ ಬಾರಿಯೂ ಮಾಡೆಲ್‌ನಲ್ಲಿ ಹುಡುಕುವುದರಿಂದ, ಅಳಿಸಿದ ನಂತರ ಗೆಟ್‌ಪ್ರಾಪರ್ಟಿ ನಲ್ ಕೊಡುತ್ತದೆ, ಗೆಟ್‌ರಿಕ್ವೈರ್ಡ್‌ಪ್ರಾಪರ್ಟಿ ಎಕ್ಸೆಪ್ಶನ್ ಎಸೆಯುತ್ತದೆ. ಅದೇ ವೇರಿಯಬಲ್‌ ಮೂಲಕ ಹೊಸ ಗುಣವೊಂದನ್ನು ಸೇರಿಸಿದರೆ ರಿಸೋರ್ಸ್ ಮತ್ತೆ ಗ್ರಾಫ್‌ನಲ್ಲಿ ಕಾಣಿಸಿಕೊಳ್ಳುತ್ತದೆ.

ಸ್ಟೇಟ್‌ಮೆಂಟ್ ಆಬ್ಜೆಕ್ಟ್‌ನ ನಡವಳಿಕೆ ಬೇರೆ. ಅದು ತನ್ನ ಮೂರೂ ಭಾಗಗಳನ್ನು ತಾನೇ ಹೊತ್ತಿರುತ್ತದೆ, ಬದಲಾಗುವುದಿಲ್ಲ. ಆದ್ದರಿಂದ ಗ್ರಾಫ್‌ನಿಂದ ತೆಗೆದ ಮೇಲೂ ಹಳೆಯ ಮೌಲ್ಯವನ್ನೇ ಹೇಳುತ್ತಿರುತ್ತದೆ. ಚೇಂಜ್‌ಆಬ್ಜೆಕ್ಟ್ ಎಂಬ ಮೆಥಡ್ ಕೂಡ, ಹೆಸರು ಏನೇ ಇರಲಿ, ಹಳೆಯ ಸ್ಟೇಟ್‌ಮೆಂಟನ್ನು ತೆಗೆದು ಹೊಸದನ್ನು ಸೇರಿಸಿ, ಆ ಹೊಸದನ್ನು ಹಿಂದಿರುಗಿಸುತ್ತದೆ. ಹಿಂದಿರುಗಿದ್ದನ್ನು ಹಿಡಿದುಕೊಳ್ಳದೆ ಹಳೆಯ ವೇರಿಯಬಲ್ಲನ್ನೇ ನಂಬಿದರೆ ದೋಷ ಸದ್ದಿಲ್ಲದೆ ನುಸುಳುತ್ತದೆ.

ನಿಮ್ಮ ಅನುಮಾನಕ್ಕೆ ನಿಜವಾದ ಆಧಾರ ಇರುವುದು ಇನ್ನೊಂದು ಕಡೆ. ರಿಮೂವ್‌ಪ್ರಾಪರ್ಟೀಸ್ ತೆಗೆಯುವುದು ಆ ರಿಸೋರ್ಸ್ ಕರ್ತೃವಾಗಿರುವ ಸ್ಟೇಟ್‌ಮೆಂಟ್‌ಗಳನ್ನು ಮಾತ್ರ. ಬೇರೆ ರಿಸೋರ್ಸ್‌ಗಳು ಅದರತ್ತ ತೋರಿಸುವ, ಅಂದರೆ ಅದು ಮೂರನೆಯ ಸ್ಥಾನದಲ್ಲಿರುವ ಸ್ಟೇಟ್‌ಮೆಂಟ್‌ಗಳು ಹಾಗೇ ಉಳಿಯುತ್ತವೆ. ರಿಸೋರ್ಸ್ ಮಾಡೆಲ್‌ನಲ್ಲಿ ಇದೆಯೇ ಎಂದು ಹೇಳುವ ಕಂಟೇನ್ಸ್‌ರಿಸೋರ್ಸ್ ಆಗಲೂ ಟ್ರೂ ಎನ್ನುತ್ತದೆ. ರಿಮೂವ್‌ಆಲ್‌ಗೆ ಮೊದಲ ಎರಡು ಸ್ಥಾನಗಳಲ್ಲಿ ನಲ್, ಮೂರನೆಯದರಲ್ಲಿ ರಿಸೋರ್ಸ್ ಕೊಟ್ಟು ಅವನ್ನು ಪ್ರತ್ಯೇಕವಾಗಿ ತೆಗೆಯಬೇಕು. ಸಂಬಂಧಿ ದತ್ತಾಂಶಕೋಶಗಳ ಅನ್ಯಕೀಲಿಯಂತೆ (ಫಾರಿನ್ ಕೀ) ತಡೆಯುವ ಅಥವಾ ಸರಣಿಯಾಗಿ ಅಳಿಸುವ ವ್ಯವಸ್ಥೆ ಇಲ್ಲಿಲ್ಲ. ಬ್ಲ್ಯಾಂಕ್ ನೋಡ್‌ಗಳಲ್ಲಿ (ಯುಆರ್‌ಐ ಇಲ್ಲದ ನೋಡ್‌ಗಳಲ್ಲಿ) ತೊಡಕು ತಿರುಗುಮುರುಗು: ಉದಾಹರಣೆಗೆ ವಿಳಾಸವು ಬ್ಲ್ಯಾಂಕ್ ನೋಡ್ ಆಗಿದ್ದು, ವ್ಯಕ್ತಿಯಿಂದ ಅದಕ್ಕೆ ಹೋಗುವ ಕೊಂಡಿಯನ್ನು ಅಳಿಸಿದರೆ ವಿಳಾಸದ ಬೀದಿ, ಊರುಗಳ ತ್ರಿವಳಿಗಳು ಯಾರಿಗೂ ಸೇರದೆ ಗ್ರಾಫ್‌ನಲ್ಲೇ ಉಳಿಯುತ್ತವೆ. ಮೊದಲು ಆ ನೋಡ್‌ನ ಗುಣಗಳನ್ನು ತೆಗೆದು, ನಂತರ ಕೊಂಡಿಯನ್ನು ತೆಗೆಯುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಲಿಸ್ಟ್‌ಸ್ಟೇಟ್‌ಮೆಂಟ್ಸ್ ಮೇಲೆ ಲೂಪ್ ನಡೆಯುತ್ತಿರುವಾಗ ಮಾಡೆಲ್‌ನಿಂದ ನೇರವಾಗಿ ಅಳಿಸಬೇಡಿ. ಫಲಿತಾಂಶವನ್ನು ಮೊದಲು ಪಟ್ಟಿಗೆ ಇಳಿಸಿಕೊಳ್ಳಿ. ಮಾಡೆಲ್ ತರ್ಕದಿಂದ ನಿಗಮಿಸುವ ಬಗೆಯದಾಗಿದ್ದರೆ, ನೀವು ಅಳಿಸಿದ ಸ್ಟೇಟ್‌ಮೆಂಟ್ ಉಳಿದ ತ್ರಿವಳಿಗಳಿಂದಲೇ ಮತ್ತೆ ಹುಟ್ಟಬಹುದು; ಆಗ ಅಳಿಸಬೇಕಾದದ್ದು ಆ ನಿಗಮನಕ್ಕೆ ಕಾರಣವಾದ ಮೂಲ ತ್ರಿವಳಿಗಳನ್ನು.