ಒಂಟಿ ಕ್ಯಾಮೆರಾದ ನಕ್ಷೆಯಲ್ಲಿ ಮೀಟರ್ ಏಕಿಲ್ಲ?

ಪ್ರಶ್ನೆ: ಲ್ಯಾಪ್‌ಟಾಪಿನ ವೆಬ್‌ಕ್ಯಾಮ್‌ ಬಳಸಿ ಆರ್ಬ್-ಸ್ಲ್ಯಾಮ್2 (ಕ್ಯಾಮೆರಾದ ಚಿತ್ರಗಳಿಂದ ಸುತ್ತಲಿನ ನಕ್ಷೆ ಕಟ್ಟಿ, ಅದರಲ್ಲಿ ಕ್ಯಾಮೆರಾ ಎಲ್ಲಿದೆಯೆಂದು ಗುರುತಿಸುವ ತಂತ್ರಾಂಶ) ಓಡಿಸಿದೆ. ಕೋಣೆಯ ಆಕಾರ ಸರಿಯಾಗಿ ಮೂಡಿದೆ, ಆದರೆ ಎದುರುಬದುರು ಗೋಡೆಗಳ ಅಂತರ ಒಮ್ಮೆ 2.3, ಇನ್ನೊಮ್ಮೆ 3.1 ಎಂದು ಬರುತ್ತದೆ. ಕ್ಯಾಲಿಬ್ರೇಶನ್ (ಲೆನ್ಸಿನ ಗುಣಗಳನ್ನು ತಂತ್ರಾಂಶಕ್ಕೆ ತಿಳಿಸುವ ಹೊಂದಾಣಿಕೆ) ತಪ್ಪಿರಬಹುದೇ?

ಉತ್ತರ: ಅದು ಕೆಟ್ಟಿದ್ದರೆ ಸಾಮಾನ್ಯವಾಗಿ ಆಕಾರವೂ ಕೆಡುತ್ತದೆ, ನೇರ ಗೋಡೆ ಬಾಗಿ ಕಾಣುತ್ತದೆ. ಇಲ್ಲಿ ಅಳತೆಯೊಂದೇ ಬದಲಾಗುತ್ತಿರುವುದರಿಂದ ಕಾರಣ ಬೇರೆ: ಒಂಟಿ ಕ್ಯಾಮೆರಾಕ್ಕೆ ಉದ್ದವನ್ನು ಅಳೆಯುವ ದಾರಿಯೇ ಇಲ್ಲ. ನಿಮ್ಮ ಕೋಣೆಯನ್ನು ಹತ್ತನೇ ಒಂದರಷ್ಟು ಗಾತ್ರದ ಬೊಂಬೆಮನೆಯಾಗಿ ಕಟ್ಟಿ, ಕ್ಯಾಮೆರಾವನ್ನೂ ಹತ್ತನೇ ಒಂದರಷ್ಟೇ ದೂರ ಸರಿಸಿದರೆ, ಚಿತ್ರದಲ್ಲಿ ಪ್ರತಿಯೊಂದು ಬಿಂದುವೂ ಮೊದಲಿದ್ದ ಜಾಗದಲ್ಲೇ ಬೀಳುತ್ತದೆ.

ಹಾಗಾದರೆ ಆ 2.3 ಎಲ್ಲಿಂದ ಬಂತು? ಆಕರ ಕೋಡ್ ಮುಕ್ತವಾಗಿರುವುದರಿಂದ ತೆರೆದೇ ನೋಡಬಹುದು: ಮೊದಲ ನಕ್ಷೆ ಕಟ್ಟುವಾಗ, ಕಂಡ ಬಿಂದುಗಳ ಆಳದ (ಕ್ಯಾಮೆರಾದಿಂದ ಅವಿರುವ ದೂರದ) ಮಧ್ಯಾಂಕವನ್ನು 1 ಎಂದು ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲಾಗುತ್ತದೆ. ನೀವು ಮೇಜಿನ ಎದುರು ಶುರುಮಾಡಿದ ದಿನ ಆ ‘1’ ಚಿಕ್ಕದು, ದೂರದ ಗೋಡೆಯ ಎದುರು ಶುರುಮಾಡಿದ ದಿನ ದೊಡ್ಡದು.

ಕೋಣೆಯಷ್ಟೇ ಸಾಕೆಂದರೆ ಟೇಪು ಹಿಡಿಯಿರಿ. ನಕ್ಷೆಯಲ್ಲಿ 1.6 ಎಂದಿರುವ ಬಾಗಿಲು ನಿಜವಾಗಿ 2 ಮೀಟರ್ ಎತ್ತರವಿದ್ದರೆ ಎಲ್ಲವನ್ನೂ 1.25ರಿಂದ ಗುಣಿಸಿದರಾಯಿತು. ಉದ್ದನೆಯ ಕಾರಿಡಾರಿನಲ್ಲಿ ಈ ಉಪಾಯ ನಡೆಯದು. ಮೂಲೆಯಲ್ಲಿ ತಿರುಗುವಾಗ ಹಳೆಯ ಬಿಂದುಗಳು ಮರೆಯಾಗಿ, ಹೊಸವನ್ನು ಅಲ್ಪಸ್ವಲ್ಪ ಚಲನೆಯಿಂದಲೇ ಲೆಕ್ಕಹಾಕಬೇಕಾಗುವುದರಿಂದ ಅಳತೆಯೇ ಮೆಲ್ಲನೆ ಜಾರುತ್ತದೆ. ಹೊರಟ ಜಾಗಕ್ಕೆ ಮರಳಿದಾಗ ತಂತ್ರಾಂಶ ಅದನ್ನು ಗುರುತಿಸಿ, ಸ್ಥಾನದ ಮೂರು, ತಿರುವಿನ ಮೂರು ಸಂಖ್ಯೆಗಳ ಜೊತೆಗೆ ಅಳತೆಯ ಏಳನೆಯದನ್ನೂ ತಿದ್ದುವುದು ಇದೇ ಕಾರಣಕ್ಕೆ. ಆಗಲೂ ಮೀಟರ್ ಸಿಗುವುದಿಲ್ಲ, ನಕ್ಷೆ ತನ್ನೊಳಗೆ ಒಪ್ಪವಾಗುತ್ತದೆ ಅಷ್ಟೆ.

ಮೀಟರೇ ಬೇಕಿದ್ದರೆ ಹೊರಗಿನ ಒಂದು ಅಳತೆ ಒಳಗೆ ಬರಬೇಕು. ಸ್ಪೇನಿನ ಜರಗೋಜಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಪ್ರಕಟಿಸಿದ ಮೊದಲ ಆವೃತ್ತಿ ಒಂಟಿ ಕ್ಯಾಮೆರಾಕ್ಕೆಂದೇ ಇತ್ತು. ನೀವು ಬಳಸಿದ ಎರಡನೆಯದರಲ್ಲಿ ಸ್ಟೀರಿಯೊ ಕ್ಯಾಮೆರಾಕ್ಕೂ ಆಳ ಅಳೆಯುವ ಕ್ಯಾಮೆರಾಕ್ಕೂ ಅವಕಾಶವಿದೆ. ಸ್ಟೀರಿಯೊದಲ್ಲಿ ಎರಡು ಲೆನ್ಸುಗಳ ನಡುವಿನ ಗೊತ್ತಿರುವ ಅಂತರವೇ ಅಳತೆಗೋಲು.

ಆರ್ಬ್-ಸ್ಲ್ಯಾಮ್3ರಲ್ಲಿ ಒಂಟಿ ಕ್ಯಾಮೆರಾದ ಜೊತೆ ಐಎಂಯು ಎಂಬ, ಚಲನೆಯನ್ನು ಗ್ರಹಿಸುವ ಸೆನ್ಸರ್ ಜೋಡಿಸಬಹುದು. ಅಗ್ಗವೆಂದು ಹಲವರು ಹಿಡಿಯುವ ದಾರಿ ಇದು, ಎಡವುವುದೂ ಇಲ್ಲೇ: ಆ ಸೆನ್ಸರ್ ಅಳೆಯುವುದು ವೇಗವನ್ನಲ್ಲ, ವೇಗೋತ್ಕರ್ಷವನ್ನು, ಅಂದರೆ ವೇಗ ಬದಲಾಗುವುದನ್ನು. ನುಣುಪು ನೆಲದ ಮೇಲೆ ಒಂದೇ ವೇಗದಲ್ಲಿ ಉರುಳುವ ಗಾಡಿಯಲ್ಲಿಟ್ಟರೆ ಅಳತೆ ಸಿಗುವುದಿಲ್ಲ. ಆರಂಭದ ಕೆಲವು ಸೆಕೆಂಡು ಕೈಯಲ್ಲಿ ಹಿಡಿದು ಅತ್ತಿತ್ತ, ಮೇಲೆ ಕೆಳಗೆ ಆಡಿಸಬೇಕು.