ಪದ ಪರಿಚಯ: ಲೋಡ್ ಸ್ಪೆಕ್ಟ್ರಮ್

ಮೌಂಟನ್ ಬೈಕಿನ ಫ್ರೇಮ್ ಎಷ್ಟು ಬಲ ತಾಳುತ್ತದೆ ಎಂದು ಕೇಳುವವರು ಒಂದೇ ಒಂದು ಅಂಕಿಯ ಉತ್ತರವನ್ನು ನಿರೀಕ್ಷಿಸುತ್ತಾರೆ. ಆ ಅಂಕಿ ಸಿಕ್ಕರೂ ಫ್ರೇಮಿನ ಆಯುಷ್ಯದ ಬಗ್ಗೆ ಅದು ಹೇಳುವುದು ಬಹಳ ಕಡಿಮೆ. ಕಲ್ಲು, ಬೇರು, ಕೊರಕಲುಗಳ ಹಾದಿಯಲ್ಲಿ ಬಲ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಒಂದು ದೊಡ್ಡ ಏಟಿಗೆ ಜಗ್ಗದ ಫ್ರೇಮ್, ಅದಕ್ಕಿಂತ ಸಣ್ಣ ಏಟುಗಳನ್ನು ಸಾವಿರಾರು ಬಾರಿ ತಿಂದು ಬಿರುಕು ಬಿಡಬಲ್ಲದು. ಎಷ್ಟು ದೊಡ್ಡ ಬಲ ಎಷ್ಟು ಬಾರಿ ಬಿತ್ತು ಎಂಬ ಈ ಪೂರ್ತಿ ಲೆಕ್ಕಕ್ಕೆ ಲೋಡ್ ಸ್ಪೆಕ್ಟ್ರಮ್ ಎಂದು ಹೆಸರು. ನಕ್ಷೆಯ ಒಂದು ಅಕ್ಷದಲ್ಲಿ ಏರಿಳಿತದ ಗಾತ್ರ, ಇನ್ನೊಂದರಲ್ಲಿ ಅದು ಮರುಕಳಿಸಿದ ಸಂಖ್ಯೆ.

ಇದು ಯಾಕೆ ಬೇಕು ಎಂಬುದು ಹೆಡ್ ಟ್ಯೂಬನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಫ್ರೇಮಿನ ಮುಂತುದಿಯ ಈ ಗಿಡ್ಡ ಕೊಳವೆಯಲ್ಲಿ, ಮೇಲೊಂದು ಕೆಳಗೊಂದು ಬೇರಿಂಗಿನ ಆಸರೆಯಲ್ಲಿ, ಮುಂಚಕ್ರವನ್ನು ಹಿಡಿದ ಕವಲು, ಅಂದರೆ ಫೋರ್ಕ್, ಕೂತಿರುತ್ತದೆ. ಮುಂಚಕ್ರ ಕಲ್ಲಿಗೆ ಬಡಿದು, ಅದರ ಅಚ್ಚನ್ನು 1000 ನ್ಯೂಟನ್ ಬಲ ಫೋರ್ಕಿಗೆ ಲಂಬವಾಗಿ ಹಿಂದಕ್ಕೆ ತಳ್ಳಿತು ಎನ್ನಿ. ಅಚ್ಚಿನಿಂದ ಕೆಳಗಿನ ಬೇರಿಂಗಿಗೆ ಸುಮಾರು ಅರ್ಧ ಮೀಟರ್ ದೂರ; ಎರಡು ಬೇರಿಂಗ್‌ಗಳ ನಡುವೆ ಸುಮಾರು 10 ಸೆಂಟಿಮೀಟರ್. ಫೋರ್ಕ್ ಇಲ್ಲಿ ಸನ್ನೆಕೋಲಾಗುತ್ತದೆ. ಮೇಲಿನ ಬೇರಿಂಗನ್ನು ಅದು 5000 ನ್ಯೂಟನ್ ಬಲದಿಂದ ಮುಂದಕ್ಕೂ ಕೆಳಗಿನದನ್ನು 6000 ನ್ಯೂಟನ್ ಬಲದಿಂದ ಹಿಂದಕ್ಕೂ ನೂಕುತ್ತದೆ. ಹೆಡ್ ಟ್ಯೂಬಿನಿಂದ ಹಿಂದಕ್ಕೆ ಹೋಗುವ ಎರಡು ಕೊಳವೆಗಳಲ್ಲಿ ಮೇಲಿನದು, ಟಾಪ್ ಟ್ಯೂಬ್, ಎಳೆತಕ್ಕೆ ಸಿಗುತ್ತದೆ; ಕೆಳಗಿನದು, ಡೌನ್ ಟ್ಯೂಬ್, ಒತ್ತಿಗೆ ಸಿಗುತ್ತದೆ. ಮರುಕ್ಷಣ ಬೈಕ್ ಎತ್ತರದಿಂದ ನೆಲಕ್ಕಿಳಿದರೆ ಎಲ್ಲವೂ ತಿರುವುಮುರುವು: ಮುಂದಕ್ಕೆ ಚಾಚಿದ ಫೋರ್ಕನ್ನು ನೆಲ ಮೇಲಕ್ಕೂ ಮುಂದಕ್ಕೂ ಒಯ್ಯಲು ನೋಡುತ್ತದೆ, ಡೌನ್ ಟ್ಯೂಬಿನ ಅಡಿಭಾಗದ ವೆಲ್ಡ್ ಎಳೆತಕ್ಕೆ ಒಳಗಾಗುತ್ತದೆ. ಒಂದೇ ಇಳಿಜಾರಿನಲ್ಲಿ ಒಂದೇ ಬೆಸುಗೆ ಹೀಗೆ ಎಳೆತಕ್ಕೂ ಒತ್ತಿಗೂ ಸರದಿಯಂತೆ ಸಿಗುತ್ತಿರುತ್ತದೆ. ಲೋಹ ದಣಿಯುವುದು ಇಂಥ ಕಡೆಯಲ್ಲೇ.

ಈ ಏರಿಳಿತವನ್ನು ಅಳೆಯಲು ಫ್ರೇಮಿನ ಮೇಲೆ ಸ್ಟ್ರೇನ್ ಗೇಜ್ ಅಂಟಿಸುತ್ತಾರೆ. ಲೋಹ ಕೂದಲೆಳೆಯಷ್ಟು ಹಿಗ್ಗಿದರೂ ಕುಗ್ಗಿದರೂ ಗೇಜಿನ ವಿದ್ಯುತ್ ರೋಧ ಬದಲಾಗುತ್ತದೆ. ಸವಾರಿ ಮುಗಿದಾಗ ಕೈಗೆ ಬರುವುದು ಗೀಚಿದಂತೆ ಕಾಣುವ ಉದ್ದನೆಯ ರೇಖೆ. ಅದರಲ್ಲಿ ದೊಡ್ಡ ಏರಿಳಿತದ ಹೊಟ್ಟೆಯೊಳಗೆ ಸಣ್ಣವು ಅಡಗಿರುತ್ತವೆ. ಒಂದು ಆವರ್ತ, ಅಂದರೆ ಏರಿಳಿತದ ಒಂದು ಪೂರ್ತಿ ಸುತ್ತು, ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಬಿಡಿಸುವುದೇ ಕಷ್ಟ. 1968ರಲ್ಲಿ ಜಪಾನಿನ ಮಾತ್ಸುಯಿಶಿ ಮತ್ತು ಎಂಡೊ ಇದಕ್ಕೆ ರೇನ್‌ಫ್ಲೋ ಎಂಬ ಎಣಿಕೆಯ ಕ್ರಮ ಕೊಟ್ಟರು. ರೇಖೆಯನ್ನು ನೆಟ್ಟಗೆ ನಿಲ್ಲಿಸಿ, ಪಗೋಡದ ಅಂತಸ್ತಿನ ಚಾವಣಿಗಳ ಮೇಲೆ ಮಳೆನೀರು ಹರಿಯುವಂತೆ ಕಲ್ಪಿಸಿಕೊಂಡು ಎಣಿಸುವ ಕ್ರಮವದು. ಸೊಗಸಾದ ಯೋಚನೆ, ಇಂದಿಗೂ ಬಳಕೆಯಲ್ಲಿದೆ.

ಎಣಿಸಿದ ಮೇಲೆ ಹಾನಿಯ ಲೆಕ್ಕ. ಪಾಮ್‌ಗ್ರೆನ್ 1924ರಲ್ಲಿ, ಮೈನರ್ 1945ರಲ್ಲಿ ಮುಂದಿಟ್ಟ ನಿಯಮದ ಪ್ರಕಾರ ಪ್ರತಿಯೊಂದು ಆವರ್ತವೂ ಆಯುಷ್ಯದ ಒಂದು ಪಾಲನ್ನು ತಿನ್ನುತ್ತದೆ. ಪಾಲುಗಳ ಮೊತ್ತ ಒಂದಕ್ಕೆ ಮುಟ್ಟಿದಾಗ ಬಿರುಕು. ವೆಲ್ಡ್ ಮಾಡಿದ ಜೋಡಣೆಗಳಲ್ಲಿ ಹಾನಿಯು ಬಲದ ಏರಿಳಿತದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಬಲ ಇಮ್ಮಡಿಯಾದರೆ ಹಾನಿ ಎಂಟು ಪಟ್ಟು. ಹಾಗೆಂದು ಸಣ್ಣ ಏಟುಗಳನ್ನು ಕೈಬಿಡುವಂತಿಲ್ಲ, ಅವುಗಳ ಸಂಖ್ಯೆ ಅಪಾರ. ಉಕ್ಕಿಗಾದರೆ ಒಂದು ದಣಿವಿನ ಮಿತಿ ಇದೆ, ಅದರ ಕೆಳಗಿನ ಬಲ ಎಷ್ಟು ಸಲ ಬಿದ್ದರೂ ಹೆಚ್ಚುಕಡಿಮೆ ನಿರಪಾಯ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿ ಇಲ್ಲ. ನಡುನಡುವೆ ದೊಡ್ಡ ಏಟು ಬೀಳುತ್ತಿದ್ದರೆ ಉಕ್ಕಿನ ಮಿತಿಯನ್ನೂ ನೆಚ್ಚುವಂತಿಲ್ಲ.

ಫ್ರೇಮ್ ತಯಾರಾಗುವ ಮೊದಲೇ ಸ್ಪೆಕ್ಟ್ರಮ್ ಊಹಿಸಬೇಕಾದರೆ ಕಂಪ್ಯೂಟರಿನಲ್ಲಿ ಮಾದರಿ ಕಟ್ಟಬೇಕು: ಟೈರು ಒಂದು ಸ್ಪ್ರಿಂಗ್, ಸಸ್ಪೆನ್ಷನ್ ಒಂದು ಸ್ಪ್ರಿಂಗ್ ಮತ್ತು ಕುಲುಕಾಟವನ್ನು ತಗ್ಗಿಸುವ ಡ್ಯಾಂಪರ್, ಮೇಲೆ ಸವಾರ. ನನ್ನ ಮಟ್ಟಿಗೆ ಇಡೀ ಮಾದರಿಯಲ್ಲಿ ಅತ್ಯಂತ ಕಷ್ಟದ ಭಾಗ ಸವಾರನೇ. ಅವನ ತೂಕ ಬೈಕಿನ ಐದಾರು ಪಟ್ಟು. ಅವನನ್ನು ಸೀಟಿಗೆ ಬಿಗಿದ ಮೂಟೆಯೆಂದು ಭಾವಿಸಿದರೆ ಬಲಗಳು ವಾಸ್ತವಕ್ಕಿಂತ ಬಹಳ ಹೆಚ್ಚಾಗಿ ಕಾಣುತ್ತವೆ. ನಿಜವಾದ ಸವಾರ ಪೆಡಲ್ ಮೇಲೆ ಎದ್ದು ನಿಂತು, ಮೊಣಕಾಲು ಮೊಣಕೈ ಮಡಿಸಿ, ಕಲ್ಲು ಬರುವ ಮೊದಲೇ ಮುಂಚಕ್ರವನ್ನು ಹಗುರ ಮಾಡುತ್ತಾನೆ. ನುರಿತವನೂ ಹೊಸಬನೂ ಒಂದೇ ಹಾದಿಯಲ್ಲಿ ಒಂದೇ ಬೈಕ್ ಓಡಿಸಿದರೂ ಫ್ರೇಮಿಗೆ ಸಿಗುವ ಸ್ಪೆಕ್ಟ್ರಮ್ ಬೇರೆಬೇರೆ. ಸಸ್ಪೆನ್ಷನ್ ತನ್ನ ಪೂರ್ತಿ ಚಲನೆ ಮುಗಿಸಿ ತಳಕ್ಕೆ ಬಡಿಯುವ ಗಳಿಗೆಯೂ ಇಷ್ಟೇ ತೊಡಕಿನದು. ಅಲ್ಲಿಯವರೆಗೆ ಮೆಲ್ಲಗೆ ಏರುತ್ತಿದ್ದ ಬಲ ಒಮ್ಮೆಲೇ ನೆಗೆಯುತ್ತದೆ, ಸರಳ ಸ್ಪ್ರಿಂಗಿನ ಸಮೀಕರಣ ಅದನ್ನು ಹಿಡಿಯಲಾರದು.

ಪ್ರಯೋಗಾಲಯದ ಪರೀಕ್ಷೆ ಇದೆಲ್ಲವನ್ನೂ ಬಹಳ ಸರಳಗೊಳಿಸುತ್ತದೆ. ಸೈಕಲ್‌ಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 4210ರ ಒಂದು ಪರೀಕ್ಷೆಯಲ್ಲಿ ಮೌಂಟನ್ ಬೈಕಿನ ಮುಂಭಾಗದ ಅಚ್ಚನ್ನು 1200 ನ್ಯೂಟನ್ ಬಲದಿಂದ ಮುಂದಕ್ಕೆ, 600 ನ್ಯೂಟನ್ ಬಲದಿಂದ ಹಿಂದಕ್ಕೆ, 50,000 ಆವರ್ತ ಎಳೆದು ನೂಕುತ್ತಾರೆ. ನಿಜವಾದ ಹಾದಿಯಲ್ಲಿ ಒಂದೇ ಗಾತ್ರದ 50,000 ಏಟುಗಳು ಎಂದೂ ಬರುವುದಿಲ್ಲ. ಫ್ರೇಮ್‌ಗಳನ್ನು ಒಂದೇ ಅಳತೆಗೋಲಿನಿಂದ ಹೋಲಿಸಲು ಇದೊಂದು ಒಪ್ಪಿತ ಬದಲಿ, ಅಷ್ಟೇ.

ಬೈಕ್ ಕೊಳ್ಳುವವರಿಗೆ ಈ ಲೆಕ್ಕ ಕಾಣಿಸುವುದು ಕೈಪಿಡಿಯಲ್ಲಿ ಅಥವಾ ಫ್ರೇಮಿನ ಚೀಟಿಯಲ್ಲಿರುವ ಬಳಕೆಯ ವರ್ಗದಲ್ಲಿ. ಸೈಕಲ್‌ಗಳನ್ನು ಬಳಕೆಗೆ ತಕ್ಕಂತೆ ವಿಂಗಡಿಸುವ ಎಎಸ್‌ಟಿಎಂ ಎಫ್2043 ಮಾನದಂಡದ 3ನೇ ವರ್ಗದ ಬೈಕ್ ಒರಟು ಹಾದಿಗೆ, 61 ಸೆಂಟಿಮೀಟರ್ ಒಳಗಿನ ಜಿಗಿತಕ್ಕೆ; 4ನೆಯದು 122 ಸೆಂಟಿಮೀಟರ್ ಒಳಗಿನದಕ್ಕೆ. 3ನೇ ವರ್ಗದ ಬೈಕನ್ನು ಮೀಟರ್ ಎತ್ತರದಿಂದ ಒಮ್ಮೆ ಇಳಿಸಿದಾಗ ಏನೂ ಆಗದಿರಬಹುದು. ಆದರೆ ವಾರವಾರವೂ ಹಾಗೆ ಇಳಿಸಿದರೆ, ವಿನ್ಯಾಸಕಾರರು ಲೆಕ್ಕಕ್ಕೆ ಹಿಡಿಯದ ದೊಡ್ಡ ಆವರ್ತಗಳು ಆ ವೆಲ್ಡಿನ ಖಾತೆಗೆ ಸೇರುತ್ತಾ ಹೋಗುತ್ತವೆ.