ಈಡಿಯಟ್ ಎಂದರೆ ನಗುತ್ತಾರೆ, ರಿಟಾರ್ಡ್ ಎಂದರೆ ಕೆಂಡವಾಗುತ್ತಾರೆ, ಏಕೆ?

ಓದುಗರ ಪ್ರಶ್ನೆ: ‘ಈಡಿಯಟ್’ ಎಂಬ ಬೈಗುಳ ನಮ್ಮ ಸಿನಿಮಾ, ಧಾರಾವಾಹಿ, ಮನೆ, ಶಾಲೆ ಎಲ್ಲ ಕಡೆಯೂ ಸಲೀಸಾಗಿ ಓಡಾಡುತ್ತದೆ. ಆದರೆ ಕಚೇರಿಯ ವಿಡಿಯೊ ಸಭೆಯಲ್ಲಿ ನಮ್ಮ ತಂಡದ ಹುಡುಗನೊಬ್ಬ ಹಳೆಯ ಸಾಫ್ಟ್‌ವೇರ್ ಒಂದನ್ನು ‘ರಿಟಾರ್ಡೆಡ್’ ಎಂದದ್ದಕ್ಕೆ ಅಮೆರಿಕದ ಸಹೋದ್ಯೋಗಿಗಳು ಸಭೆಯನ್ನೇ ನಿಲ್ಲಿಸಿದರು. ಅವನು ಕ್ಷಮೆ ಕೇಳಬೇಕಾಯಿತು. ಎರಡರ ಅರ್ಥವೂ ದಡ್ಡ ಎಂದೇ ತಾನೆ? ಒಂದು ನಡೆಯುತ್ತದೆ, ಇನ್ನೊಂದು ನಡೆಯುವುದಿಲ್ಲ ಎಂದರೆ ಹೇಗೆ?

ಉತ್ತರ: ಅರ್ಥ ಹೆಚ್ಚುಕಡಿಮೆ ಒಂದೇ. ಆದರೆ ‘ಈಡಿಯಟ್’ ಎಂದು ಸರ್ಟಿಫಿಕೇಟು ಪಡೆದವರು ಇಂದು ಹುಡುಕಿದರೂ ಸಿಗುವುದು ಕಷ್ಟ. ‘ರಿಟಾರ್ಡೆಡ್’ ಎಂದು ಆಸ್ಪತ್ರೆಯ, ಶಾಲೆಯ ಫೈಲಿನಲ್ಲಿ ಬರೆಸಿಕೊಂಡವರು ಲಕ್ಷಗಟ್ಟಲೆ ಇದ್ದಾರೆ. ಅವರ ತಂದೆ ತಾಯಿ ಇದ್ದಾರೆ, ಒಡಹುಟ್ಟಿದವರು ಇದ್ದಾರೆ. ನಿಮ್ಮ ಸಭೆಯ ಪರದೆಯ ಮೇಲೇ ಅಂಥವರ ಅಕ್ಕನೋ ಅಪ್ಪನೋ ಕುಳಿತಿದ್ದಿರಬಹುದು. ಬೈಗುಳದ ಖಾರ ಎಷ್ಟೆಂಬುದನ್ನು ನಿಘಂಟು ಹೇಳಲಾರದು, ಅದು ಯಾರ ಮೈಗೆ ಇನ್ನೂ ತಾಗುತ್ತದೆ ಎಂಬುದು ಹೇಳುತ್ತದೆ.

ಈಡಿಯಟ್ ಕೂಡ ಒಂದು ಕಾಲಕ್ಕೆ ಬೈಗುಳವಾಗಿರಲಿಲ್ಲ. ಗ್ರೀಕ್ ಮೂಲದಲ್ಲಿ ಅದಕ್ಕೆ ಊರ ಉಸಾಬರಿಗೆ ಬಾರದ ಖಾಸಗಿ ಮನುಷ್ಯ ಎಂದಷ್ಟೇ ಅರ್ಥ. ಇಂಗ್ಲಿಷ್ ಕಾನೂನು ಅದಕ್ಕೆ ಬೇರೆ ಕೆಲಸ ಕೊಟ್ಟಿತು: ಹುಟ್ಟಿನಿಂದಲೇ ಬುದ್ಧಿ ಬೆಳೆಯದವನು ಈಡಿಯಟ್, ನಡುವೆ ಬುದ್ಧಿ ಕೆಟ್ಟವನು ಲುನಾಟಿಕ್. ಮೊದಲನೆಯವನ ಜಮೀನು ದೊರೆಯ ವಶಕ್ಕೆ ಹೋಗುತ್ತಿತ್ತು, ಆದ್ದರಿಂದ ಯಾರು ಯಾವುದು ಎಂದು ತೀರ್ಮಾನಿಸುವುದು ದುಡ್ಡಿನ ವಿಷಯವೂ ಆಗಿತ್ತು. ಇದು ಪರದೇಶದ ಹಳೇ ಪುರಾಣ ಎಂದುಕೊಳ್ಳಬೇಡಿ. ನಮ್ಮ 1955ರ ಹಿಂದೂ ವಿವಾಹ ಕಾಯಿದೆಯ 5ನೇ ಸೆಕ್ಷನ್ನು, ಮದುವೆಯ ವೇಳೆ ವಧುವರರಲ್ಲಿ ಯಾರೂ ‘ಈಡಿಯಟ್ ಅಥವಾ ಲುನಾಟಿಕ್’ ಆಗಿರಕೂಡದು ಎನ್ನುತ್ತಿತ್ತು. 1976ರ ತಿದ್ದುಪಡಿಯವರೆಗೂ ಆ ಮಾತು ಅಲ್ಲಿತ್ತು. ಅಂದರೆ ಇಂದಿನ ಎಷ್ಟೋ ಅಜ್ಜ ಅಜ್ಜಿಯರ ಮದುವೆ ಈ ಷರತ್ತಿನ ಕೆಳಗೇ ನಡೆದದ್ದು.

ಕಾನೂನಿನ ಪದವನ್ನು ಅಳತೆಪಟ್ಟಿ ಮಾಡಿದವರು ಮನೋವಿಜ್ಞಾನಿಗಳು. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸೀಮೋನ್, ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಒಂದು ಪರೀಕ್ಷೆ ರೂಪಿಸಿದರು. ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡಿನಲ್ಲಿ ಇಂಥ ಮಕ್ಕಳ ಶಾಲೆಯೊಂದರಲ್ಲಿದ್ದ ಹೆನ್ರಿ ಗೊಡಾರ್ಡ್ ಅದನ್ನು ಇಂಗ್ಲಿಷಿಗೆ ತಂದು ಏಣಿಯಂತೆ ನಿಲ್ಲಿಸಿದ. ಮಾನಸಿಕ ವಯಸ್ಸು, ಅಂದರೆ ಬುದ್ಧಿ ಎಷ್ಟು ವರ್ಷದ ಮಗುವಿನಷ್ಟಿದೆ ಎಂಬ ಲೆಕ್ಕ, ಮೂರು ತುಂಬದವನು ಈಡಿಯಟ್, ಮೂರರಿಂದ ಏಳರವರೆಗಿನವನು ಇಂಬೆಸಿಲ್. ಎಂಟರಿಂದ ಹನ್ನೆರಡರವರೆಗಿನವರನ್ನು ಕರೆಯಲು ಸರಿಯಾದ ಪದ ಸಿಗಲಿಲ್ಲ. ಗೊಡಾರ್ಡ್ 1910ರಲ್ಲಿ ಗ್ರೀಕಿನಿಂದ ಎತ್ತಿಕೊಂಡು ಹೊಸದಾಗಿಯೇ ಒಂದನ್ನು ಟಂಕಿಸಿದ: ಮೊರಾನ್. ಇಂದು ರಸ್ತೆಯಲ್ಲಿ ಅಡ್ಡ ಬಂದವನಿಗೆ ಕಿಟಕಿ ಇಳಿಸಿ ಎಸೆಯುವ ಈ ಪದ ಪ್ರಯೋಗಾಲಯದಲ್ಲಿ ಹುಟ್ಟಿದ ಕೂಸು. ಗೊಡಾರ್ಡ್‌ನ ಕಣ್ಣಿಗೆ ಮೊರಾನ್‌ಗಳೇ ಎಲ್ಲರಿಗಿಂತ ಅಪಾಯಕಾರಿಗಳು. ನೋಡಲು ಎಲ್ಲರಂತೆಯೇ ಇರುತ್ತಾರೆ, ಮದುವೆಯಾಗುತ್ತಾರೆ, ಮಕ್ಕಳನ್ನು ಹೆರುತ್ತಾರೆ ಎಂಬುದು ಅವನ ಆತಂಕ.

ಆ ಆತಂಕ ಯಾರ ಮೈಮೇಲೆ ಇಳಿಯಿತು ಎಂಬುದಕ್ಕೆ ಕ್ಯಾರಿ ಬಕ್ ಎಂಬ ಹೆಣ್ಣುಮಗಳ ಕತೆಯನ್ನು ತುಸು ವಿವರವಾಗಿಯೇ ಹೇಳಬೇಕು. ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನ ಹುಡುಗಿ, ಹುಟ್ಟಿದ್ದು 1906ರಲ್ಲಿ, ಬೆಳೆದದ್ದು ಸಾಕುಮನೆಯಲ್ಲಿ. ಹದಿನೇಳರ ಪ್ರಾಯದಲ್ಲಿ ಗರ್ಭಿಣಿಯಾದಳು. ಆ ಮನೆಯವರ ಬಂಧುವೇ ತನ್ನ ಮೇಲೆ ಅತ್ಯಾಚಾರ ಮಾಡಿದ್ದ ಎಂದು ಮುಂದೆ ಹೇಳಿಕೊಂಡಳು. ಮನೆಯವರು ಅವಳನ್ನು ‘ದುರ್ಬಲ ಬುದ್ಧಿಯವಳು’ ಎಂದು ಬರೆಸಿ ಲಿಂಚ್‌ಬರ್ಗ್ ಬಳಿಯ ಸರ್ಕಾರಿ ‘ಕಾಲೊನಿ’ಗೆ, ಅಂದರೆ ಇಂಥವರನ್ನು ಇರಿಸುವ ಸಂಸ್ಥೆಗೆ ಸೇರಿಸಿದರು. ಅವಳ ತಾಯಿ ಎಮ್ಮಾ ಅದಾಗಲೇ ಅಲ್ಲಿದ್ದಳು. ಪರೀಕ್ಷೆಯಲ್ಲಿ ಕ್ಯಾರಿಯ ಮಾನಸಿಕ ವಯಸ್ಸು ಒಂಬತ್ತು ಎಂದು ಬಂತು. ಅವಳ ಮಗು ವಿವಿಯನ್ ಇನ್ನೂ ಎದೆಹಾಲಿನ ಕೂಸು. ಅದನ್ನು ನೋಡಿದ ಸಮಾಜ ಕಾರ್ಯಕರ್ತೆ, ಮಗುವಿನ ನೋಟ ಅಷ್ಟು ಸರಿಯಾಗಿಲ್ಲ ಎಂಬರ್ಥದ ಸಾಕ್ಷ್ಯ ಹೇಳಿದಳು.

ಇಂಥವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ವರ್ಜೀನಿಯಾ 1924ರಲ್ಲಿ ಕಾನೂನು ತಂದಿತ್ತು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1927ರ ಮೇ 2ರಂದು ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ತೀರ್ಪು ಬರೆದರು: ಮೂರು ತಲೆಮಾರಿನ ಇಂಬೆಸಿಲ್‌ಗಳು ಸಾಕು. ಹೋಮ್ಸ್ ಸೇರಿ ಎಂಟು ನ್ಯಾಯಮೂರ್ತಿಗಳು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಗೊಡಾರ್ಡ್‌ನ ಏಣಿಯ ಪ್ರಕಾರ ಕ್ಯಾರಿ ಇಂಬೆಸಿಲ್ ಕೂಡ ಅಲ್ಲ, ಆದರೆ ಅಷ್ಟು ಸೂಕ್ಷ್ಮ ಯಾರಿಗೆ ಬೇಕಿತ್ತು? ಅದೇ ಅಕ್ಟೋಬರಿನಲ್ಲಿ ಶಸ್ತ್ರಚಿಕಿತ್ಸೆ ಮುಗಿಯಿತು. ‘ನೋಟ ಸರಿಯಿಲ್ಲದ’ ಮಗು ಶಾಲೆಗೆ ಸೇರಿ ಒಮ್ಮೆ ಜಾಣ ಮಕ್ಕಳ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡಿತು, ಎಂಟನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡಿತು. ಕ್ಯಾರಿ 1983ರವರೆಗೆ ಬದುಕಿದ್ದಳು. ಕೊನೆಗಾಲದಲ್ಲಿ ಅವಳನ್ನು ಕಂಡವರು, ಅವಳು ದಿನಪತ್ರಿಕೆ ಓದುತ್ತಿದ್ದುದನ್ನು, ಗೆಳತಿಯ ಜೊತೆ ಪದಬಂಧ ಬಿಡಿಸುತ್ತಿದ್ದುದನ್ನು ದಾಖಲಿಸಿದ್ದಾರೆ. ಇಂಥ ಕಾನೂನುಗಳಡಿ ಅಮೆರಿಕದಲ್ಲಿ ಒಟ್ಟು 60 ಸಾವಿರಕ್ಕೂ ಹೆಚ್ಚು ಮಂದಿಗೆ ಕತ್ತರಿ ಬಿತ್ತು.

ಇಷ್ಟೆಲ್ಲ ಆದಮೇಲೆ ಈ ಮೂರೂ ಪದಗಳು ಹೊಲಸಾದವು, ಬೀದಿಗೆ ಬಿದ್ದವು. ಆಗ ಮೃದುವಾದ ಬದಲಿ ಪದವಾಗಿ ಬಂದದ್ದೇ ‘ರಿಟಾರ್ಡೆಡ್’. ‘ನಿಧಾನ’ ಎಂಬುದು ಅದರ ಲ್ಯಾಟಿನ್ ಮೂಲ. ನಮ್ಮಲ್ಲೂ ‘ಮಗು ಸ್ವಲ್ಪ ನಿಧಾನ’ ಎನ್ನುವುದಿಲ್ಲವೇ, ಅದೇ ಕಕ್ಕುಲತೆ. 1950ರಲ್ಲಿ ಇಂಥ ಮಕ್ಕಳ ತಂದೆತಾಯಿಗಳೇ ಸೇರಿ ಕಟ್ಟಿದ ಅಮೆರಿಕದ ರಾಷ್ಟ್ರೀಯ ಸಂಘದ ಹೆಸರಿನಲ್ಲಿಯೇ ಆ ಪದವಿತ್ತು. ಮೂರು ನಾಲ್ಕು ದಶಕಗಳಲ್ಲಿ ಶಾಲೆಯ ಅಂಗಳದ ಹುಡುಗರು ಅದರ ಬಾಲ ಕತ್ತರಿಸಿ ‘ರಿಟಾರ್ಡ್’ ಮಾಡಿದರು. 2010ರ ಅಕ್ಟೋಬರಿನಲ್ಲಿ ಅಧ್ಯಕ್ಷ ಒಬಾಮ, ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನವಾಗುವ ಒಂದು ಸ್ಥಿತಿ) ಇದ್ದ ರೋಸಾ ಎಂಬ ಬಾಲಕಿಯ ಹೆಸರಿನ ಕಾನೂನಿಗೆ ಸಹಿ ಹಾಕಿದರು. ಕೇಂದ್ರ ಸರ್ಕಾರದ ಕಾನೂನುಗಳಲ್ಲಿ ‘ಮೆಂಟಲ್ ರಿಟಾರ್ಡೇಶನ್’ ಹೋಗಿ ‘ಇಂಟೆಲೆಕ್ಚುಯಲ್ ಡಿಸಬಿಲಿಟಿ’ ಬಂತು. ಒಂದೇ ಉಸಿರಿನಲ್ಲಿ ಕೂಗಲು ಬಾರದ ಈ ಉದ್ದನೆಯ ಹೆಸರು ಬೈಗುಳವಾಗುವುದು ಸುಲಭವಲ್ಲ ಎಂಬುದು ನನ್ನ ಸಣ್ಣ ಸಮಾಧಾನ. ಆದರೆ ಮಕ್ಕಳ ಜಾಣ್ಮೆಯನ್ನು ಕಡೆಗಣಿಸುವಂತಿಲ್ಲ. ಇಂಗ್ಲಿಷ್ ಶಾಲೆಗಳಲ್ಲಿ ಈಗ ‘ಸ್ಪೆಷಲ್’ ಎಂಬುದೇ ಚುಚ್ಚುಮಾತು.

ಡೌನ್ ಸಿಂಡ್ರೋಮ್ ಎಂಬ ಹೆಸರಿಗೂ ಹೀಗೊಂದು ಹಿನ್ನೆಲೆ ಇದೆ. 1866ರಲ್ಲಿ ಇಂಗ್ಲೆಂಡಿನ ವೈದ್ಯ ಲ್ಯಾಂಗ್ಡನ್ ಡೌನ್ ಆ ಮಕ್ಕಳ ಮುಖಲಕ್ಷಣ ನೋಡಿ ಅವರನ್ನು ‘ಮಂಗೋಲಿಯನ್’ ಗುಂಪು ಎಂದ. ನಂತರದ ನೂರು ವರ್ಷ ಅವರು ‘ಮಂಗೋಲ್’ಗಳಾಗಿಯೇ ಉಳಿದರು. ಒಂದೇ ಕಲ್ಲಿನಲ್ಲಿ ಮಕ್ಕಳಿಗೂ ಒಂದು ಇಡೀ ಜನಾಂಗಕ್ಕೂ ಅವಮಾನ. 1961ರಲ್ಲಿ ತಳಿವಿಜ್ಞಾನಿಗಳ ಗುಂಪೊಂದು ಈ ಪದ ಬಿಡಿ ಎಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಗೆ ಬರೆಯಿತು. ಮಂಗೋಲಿಯಾ ದೇಶವೇ ಕೇಳಿಕೊಂಡ ಮೇಲೆ 1965ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟಿತು.

ಹೊಸ ಪದ ತಂದರೆ ಅದೂ ಕೆಡುತ್ತದೆ, ಮತ್ತೊಂದು ತರಬೇಕು. ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ ಇದನ್ನು ಎಷ್ಟು ಓಡಿದರೂ ನಿಂತಲ್ಲೇ ಇರಿಸುವ ಟ್ರೆಡ್‌ಮಿಲ್ಲಿಗೆ ಹೋಲಿಸಿದ್ದಾರೆ. ‘ಹಾಗಿದ್ದಮೇಲೆ ಪದ ಬದಲಿಸಿ ಏನು ಪ್ರಯೋಜನ’ ಎಂದು ಕೇಳುವವರು ಈ ಮಾತನ್ನೇ ಆಧಾರ ಮಾಡಿಕೊಳ್ಳುತ್ತಾರೆ. ನನಗದು ಅರ್ಧ ಸತ್ಯವೆನಿಸುತ್ತದೆ. ಪದ ಎಲ್ಲ ಕಡೆಯೂ ಒಂದೇ ವೇಗದಲ್ಲಿ ಕೆಡುವುದಿಲ್ಲ. ಬ್ರಿಟನ್ನಿನ ಸ್ಪಾಸ್ಟಿಕ್ಸ್ ಸೊಸೈಟಿ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವವರಿಗಾಗಿ 1952ರಲ್ಲಿ ಹುಟ್ಟಿತು. ‘ಸ್ಪಾಸ್ಟಿಕ್’ ಪದ ಅಲ್ಲಿನ ಹುಡುಗರ ಬಾಯಲ್ಲಿ ಎಷ್ಟು ಕೆಟ್ಟಿತೆಂದರೆ 1994ರಲ್ಲಿ ಸಂಸ್ಥೆ ‘ಸ್ಕೋಪ್’ ಎಂದು ಹೆಸರು ಬದಲಿಸಿಕೊಂಡಿತು, ಹುಡುಗರು ಕೂಡಲೇ ‘ಸ್ಕೋಪರ್’ ಎಂದು ಅಣಕಿಸಿದರು. ಬೆಂಗಳೂರಿನ ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಎಂಬ ಫಲಕ ಓದಿ ಇಲ್ಲಿ ಯಾರೂ ಮುಖ ಕಿವುಚುವುದಿಲ್ಲ. ಕನ್ನಡದಲ್ಲಿ ಯಾರೂ ಯಾರನ್ನೂ ಸ್ಪಾಸ್ಟಿಕ್ ಎಂದು ಬೈದಿಲ್ಲವಲ್ಲ. ಅಮೆರಿಕದಲ್ಲೂ ಅದರ ಮೊಟಕು ರೂಪ ‘ಸ್ಪ್ಯಾಝ್’ ಬಹುಕಾಲ ಸಾಧಾರಣ ಮಾತಾಗಿತ್ತು. 2022ರಲ್ಲಿ ಗಾಯಕಿಯರಾದ ಲಿಝೋ ಮತ್ತು ಬೆಯೋನ್ಸೆ ತಮ್ಮ ಹಾಡುಗಳಿಂದ ಅದನ್ನು ತೆಗೆದದ್ದು ಅಂಗವಿಕಲರು ಆಕ್ಷೇಪಿಸಿದ ಮೇಲೆ.

ಇದನ್ನೆಲ್ಲ ಇಂಗ್ಲಿಷರ ಖಯಾಲಿ ಎಂದು ಮೂಗು ಮುರಿಯುವ ಹಕ್ಕೂ ನಮಗಿಲ್ಲ. ಲಂಡನ್ನಿನಲ್ಲಿ 1247ರಲ್ಲಿ ಶುರುವಾದ ಬೆಥ್ಲೆಂ ಆಸ್ಪತ್ರೆಯ ಹೆಸರು ‘ಬೆಡ್ಲಂ’ ಆಗಿ, ಹುಚ್ಚಾಟದ ಗದ್ದಲಕ್ಕೆ ಇನ್ನೊಂದು ಹೆಸರಾಯಿತು. ನಾವು ನಿಮ್ಹಾನ್ಸ್‌ಗೆ ಮಾಡಿದ್ದೂ ಅದನ್ನೇ. ‘ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂದು ನಗುವವರು, ಅಲ್ಲಿನ ಹೊರರೋಗಿ ವಿಭಾಗದ ಸಾಲಿನಲ್ಲಿ ಫೈಲು ಹಿಡಿದು ನಿಂತ ತಮ್ಮದೇ ಊರಿನವರನ್ನು ನೆನೆಸಿಕೊಳ್ಳುವುದಿಲ್ಲ. ಮೊದಲಿದ್ದ ‘ಬುದ್ಧಿಮಾಂದ್ಯ’ ಪದವೂ ಈಗ ಕಡತಗಳಿಂದ ಸರಿದು ‘ಬೌದ್ಧಿಕ ಅಂಗವೈಕಲ್ಯ’ಕ್ಕೆ ಜಾಗ ಬಿಡುತ್ತಿದೆ.

ಇನ್ನು ನಿಮ್ಮ ತಂಡಕ್ಕೆ. ‘ರಿಟಾರ್ಡ್’ ಮತ್ತು ಅದರ ಎಲ್ಲ ರೂಪಗಳನ್ನೂ ತಮಾಷೆಗೂ ಬಳಸಬೇಡಿ, ಯಂತ್ರಕ್ಕೂ ಬಳಸಬೇಡಿ. ಬ್ರಿಟನ್ನಿನವರ ಮುಂದೆ ‘ಸ್ಪಾಸ್ಟಿಕ್’, ‘ಸ್ಪ್ಯಾಝ್’ ಬೇಡ. ವ್ಯಕ್ತಿಯ ಸ್ಥಿತಿಯನ್ನು ಹೇಳಲೇಬೇಕಾದಾಗ ‘ಇಂಟೆಲೆಕ್ಚುಯಲ್ ಡಿಸಬಿಲಿಟಿ’ ಎನ್ನಿ. ಬ್ರಿಟನ್ನಿನಲ್ಲಿ ಇದಕ್ಕೇ ‘ಲರ್ನಿಂಗ್ ಡಿಸಬಿಲಿಟಿ’ ಎನ್ನುತ್ತಾರೆ. ಆ ವ್ಯಕ್ತಿಯೇ ತನ್ನನ್ನು ಬೇರೊಂದು ಹೆಸರಿನಿಂದ ಕರೆದುಕೊಂಡರೆ ಅದೇ ಸರಿ. ಆಟಿಸಂ ಇರುವ ಅನೇಕರು ನೇರವಾಗಿ ‘ಆಟಿಸ್ಟಿಕ್’ ಎಂದೇ ಹೇಳಿಕೊಳ್ಳಲು ಇಷ್ಟಪಡುತ್ತಾರೆ. ಹಳೆಯ ಸಾಫ್ಟ್‌ವೇರನ್ನು ಬೈಯಲು ಇಂಗ್ಲಿಷಿನಲ್ಲಿ ಪದಗಳಿಗೇನೂ ಬರವಿಲ್ಲ: ‘ಕ್ಲಂಕಿ’ ಎನ್ನಿ, ‘ಬ್ರೋಕನ್’ ಎನ್ನಿ, ‘ಗಾರ್ಬೇಜ್’ ಎಂದರೂ ಸಭೆ ನಡೆಯುತ್ತದೆ. ಈಡಿಯಟ್ ಎನ್ನಬಹುದೇ ಎಂದರೆ, ಸಾಫ್ಟ್‌ವೇರಿಗೆ ಅನ್ನಿ. ಅದನ್ನು ಬರೆದವನಿಗೆ ಬೇಡ, ಅವನೂ ಅದೇ ಸಭೆಯಲ್ಲಿರಬಹುದು.